ಸುಗಂಧಿಯಾಗಲು ಒಲ್ಲದ ಚಂದ್ರಕ್ಕ

ಚಿತ್ರದುರ್ಗ ಸೀಮೆಯ ಬೇಸಿಗೆಯೆಂದರೆ ಕಲ್ಲೂ ಬೆವರುವ ಬೇಸಿಗೆ. ಅಂಥ ಬೇಸಿಗೆಯಲ್ಲೂ ಮಣಿಕಟ್ಟು ಮುಚ್ಚುವಷ್ಟು ಉದ್ದ ತೋಳಿನ ರವಿಕೆ ತೊಟ್ಟು, ತೋಳಿನ ಕೊನೆಯ ಗುಂಡಿಯನ್ನೂ ಬಿಡದೆ ಹಾಕಿಕೊಂಡು, ಹೊಸದುರ್ಗದ ಬೀದಿಗಳಲ್ಲಿ ಗೋಡೆಯ ಮಗ್ಗುಲಿಗೇ ಸರಿದು ಸರಿದು ನಡೆಯುತ್ತಿದ್ದವಳೆಂದರೆ ಚಂದ್ರಕ್ಕ ಒಬ್ಬಳೇ. ಬೀದಿಯ ನಟ್ಟನಡುವೆ ಆಕೆ ನಡೆದುದನ್ನು ಕಂಡವರಿಲ್ಲ. ಎದುರಿಗೆ ಪರಿಚಿತರು ಬಂದರೆ ನಿಲ್ಲುವಳು, ನಗುವಿನ ಅರ್ಧವನ್ನು ಮಾತ್ರ ತುಟಿಗೆ ತರುವಳು, ಉಳಿದರ್ಧವನ್ನು ಯಾರೋ ಕಸಿದುಕೊಂಡಾರೆಂಬಂತೆ ಒಳಕ್ಕೇ ನುಂಗಿಬಿಡುವಳು.

ಮಾತಿನಲ್ಲೂ ಹಾಗೆಯೇ. ಸಂತೆಯಲ್ಲಿ ಬದನೆಕಾಯಿ ಕೊಂಡರೂ, "ಚೆನ್ನಾಗೈತೆ ಕಣ್ರಿ ಕಾಯಿ, ಯಾರ ಮುಂದೂ ಅನ್ನಬ್ಯಾಡ್ರಿ" ಎನ್ನುವಳು. ಮೊಮ್ಮಗಳಿಗೆ ಹಲ್ಲು ಬಂದರೆ, "ಹಲ್ಲು ಬಂದೈತೆ, ಯಾರ ಮುಂದೂ ಅನ್ನಬ್ಯಾಡ್ರಿ." ಮಗುವಿನ ಹಲ್ಲು ಎಷ್ಟು ದಿನ ಗುಟ್ಟಾಗಿ ಉಳಿದೀತು? ನಮ್ಮ ಬೀದಿಯವರಿಗೆ ಆ ಮಾತು ಒಂದು ವಿನೋದವಾಗಿತ್ತು. ಪ್ರಾಥಮಿಕ ಶಾಲೆಯಲ್ಲಿ ಜೀವಮಾನವೆಲ್ಲ ಮಕ್ಕಳಿಗೆ ಗಟ್ಟಿಯಾಗಿ ಮಗ್ಗಿ ಹೇಳಿಸಿದ ಹೆಂಗಸಿಗೆ ತನ್ನ ಸ್ವಂತದ ಮಾತಿಗೆ ಬಂದಾಗ ಮಾತ್ರ ಏಕೆ ದನಿ ಉಡುಗುತ್ತದೆಂದು ಯಾರೂ ಕೇಳಲಿಲ್ಲ. ಹೆದರಿಕೆ ಬಹಳ ವರ್ಷ ಜೊತೆಗಿದ್ದರೆ ಅದು ಸ್ವಭಾವವೆಂದೇ ಹೆಸರು ಪಡೆಯುತ್ತದೆ.

ಆದರೆ ಚಂದ್ರಕ್ಕನ ಹೆದರಿಕೆಗೆ ಒಂದು ಹುಟ್ಟೂ ಇತ್ತು, ಒಂದು ಹೆಸರೂ ಇತ್ತು. ಹೆಸರು 'ಮೆಟ್ಟಿಲಬಾವಿ.' ಅದೊಂದು ಕಾದಂಬರಿ.

ಅರವತ್ತರ ದಶಕದಲ್ಲಿ ಹಿರಿಯೂರಿನ ಹೈಸ್ಕೂಲಿನಲ್ಲಿ ಹನುಮಂತಯ್ಯ ಮೇಷ್ಟ್ರು ಎಂಬ ತರುಣರಿದ್ದರು. ಅವರು ಬರೆದದ್ದು ಅದೊಂದೇ ಪುಸ್ತಕ, ಆಮೇಲೆ ಬಹುಕಾಲ ಬದುಕಲೂ ಇಲ್ಲ. ಸುಗಂಧಿ ಎಂಬ ಬಡ ಹುಡುಗಿ ಮೇಷ್ಟ್ರೊಬ್ಬರನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿ, ಬಸಿರಾಗಿ, ಲೋಕಕ್ಕಂಜಿ, ಹಿರಿಯೂರಿನ ಆಚೆಯ ಮೆಟ್ಟಿಲಬಾವಿಗೆ ಹಾರಿ ಸಾಯುವ ಕಥೆ. ಓದಿದವರೆಲ್ಲ ಅತ್ತರು. ವಿಮರ್ಶಕರು ಅದನ್ನು ಅಭಿಜಾತ ಕೃತಿಯೆಂದರು, ಕಾಲೇಜುಗಳು ಪಠ್ಯವಾಗಿ ಇಟ್ಟವು. ಸುಗಂಧಿಯ ವರ್ಣನೆ ಬರುವ ಪುಟದಲ್ಲಿ ಒಂದು ವಾಕ್ಯವಿತ್ತು: ಆಕೆಯ ಎಡ ಮುಂಗೈಯ ಮೇಲೆ, ಬಾಲ್ಯದಲ್ಲಿ ಒಲೆಯ ಬೆಂಕಿ ತಾಗಿ ಉಳಿದ, ಹುಣಸೆಯ ಎಸಳಿನಂಥ ಒಂದು ಕಲೆ.

ಆ ಕಲೆ ಇದ್ದದ್ದು ಚಂದ್ರಕ್ಕನ ಕೈಮೇಲೆ. ರವಿಕೆಯ ತೋಳು ಮಣಿಕಟ್ಟಿಗಿಳಿದದ್ದು ಪುಸ್ತಕ ಅಚ್ಚಾದ ವರ್ಷ.

ವಿಚಿತ್ರವೆಂದರೆ, ಪುಸ್ತಕದಲ್ಲಿದ್ದ ಕಲೆ ಮಾತ್ರ ನಿಜ, ಉಳಿದದ್ದೆಲ್ಲ ಸುಳ್ಳು. ಆಗ ಚಂದ್ರಕ್ಕ ಹಿರಿಯೂರಿನಲ್ಲಿ ಶಿಕ್ಷಕಿಯರ ತರಬೇತಿಗೆಂದು ಆದಿವಾಲದ ಕಡೆಯ ಪುಟ್ಟಕ್ಕನ ಜೊತೆ ಒಂದು ಬಾಡಿಗೆ ಕೋಣೆಯಲ್ಲಿದ್ದಳು. ಪುಟ್ಟಕ್ಕ ಕುರಿ ಕಾಯುವ ಮನೆತನದಿಂದ ಓದಲು ಬಂದ ಮೊದಲ ಹುಡುಗಿ. ಎದುರುಮನೆಯಲ್ಲಿ ಹನುಮಂತಯ್ಯ ಮೇಷ್ಟ್ರು. ಓದಲು ಪುಸ್ತಕ ಕೊಡುತ್ತಿದ್ದರು, ಹಿಂದಿರುಗಿಸಿದಾಗ ಅಭಿಪ್ರಾಯ ಕೇಳುತ್ತಿದ್ದರು, ಅಷ್ಟೇ. ಒಂದು ದಿನ ಚಂದ್ರಕ್ಕ ಕುಳಿತಿದ್ದ ಜಗುಲಿಯ ಕೆಳಗೆ ನಿಂತು, ಗ್ರಾಂಥಿಕ ಕನ್ನಡದಲ್ಲಿ, ಬಹುದಿನದಿಂದ ಬಾಯಿಪಾಠ ಮಾಡಿದ್ದ ಒಂದು ದೀರ್ಘ ವಾಕ್ಯದ ಮೂಲಕ ತಮ್ಮನ್ನು ಮದುವೆಯಾಗಲು ಸಮ್ಮತಿಯಿದೆಯೇ ಎಂದು ಕೇಳತೊಡಗಿದರು. ವಾಕ್ಯ ಮುಗಿಯುವ ಮೊದಲೇ ಮನೆಯೊಡತಿಯ ಮೇಕೆ ಹಿಂದಿನಿಂದ ಬಂದು ಅವರ ಪಂಚೆಯ ಅಂಚನ್ನು ಮೇಯಲು ಶುರುಮಾಡಿತು. ಮೇಷ್ಟ್ರಿಗೆ ಅದು ತಿಳಿಯದು, ಅವರು ಉಪಮೆಯ ಮೇಲೆ ಉಪಮೆ ಪೋಣಿಸುತ್ತಿದ್ದಾರೆ. ಹದಿಹರೆಯದ ಚಂದ್ರಕ್ಕನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೇಷ್ಟ್ರ ಮುಖ ಬಿಳಿಚಿತು. ಮಾತು ಅಲ್ಲಿಗೇ ಬಿಟ್ಟು ಹೊರಟುಹೋದರು, ಮತ್ತೆ ಎದುರಿಗೆ ಬರಲಿಲ್ಲ. ಆ ನಗುವಿಗೆ ಕಾದಂಬರಿಯಲ್ಲಿ ಜಾಗವಿರಲಿಲ್ಲ. ಅಲ್ಲಿ ಸುಗಂಧಿ ಧಾರಾಕಾರವಾಗಿ ಕಣ್ಣೀರು ಸುರಿಸುತ್ತಾಳೆ.

ಹೀಗೆ, ಮಾಡದ ಪ್ರೀತಿಗೆ, ಹೊರದ ಬಸಿರಿಗೆ, ಸಾಯದ ಸಾವಿಗೆ ಚಂದ್ರಕ್ಕ ಹೆದರುತ್ತ ಬದುಕಿದಳು. ಕೃಷಿ ಇಲಾಖೆಯ ಜೀಪು ಓಡಿಸುತ್ತಿದ್ದ ಬೋರಯ್ಯನ ಕೈಹಿಡಿದು ಹೊಸದುರ್ಗಕ್ಕೆ ಬಂದಳು. ಬೋರಯ್ಯ ಪುಸ್ತಕ ಓದುವವನಲ್ಲ, ಅದೇ ಒಂದು ಪುಣ್ಯ. ತೊಂಬತ್ತರ ದಶಕದ ಆರಂಭದಲ್ಲಿ ಮಗ ಚೇತನ್‌ಕುಮಾರ್ ಡಿಗ್ರಿ ಓದುವಾಗ ಅದೇ ಪುಸ್ತಕವನ್ನು ಪಠ್ಯವೆಂದು ಮನೆಗೆ ತಂದು ನಡುಮನೆಯ ಕಿಟಕಿಯಲ್ಲಿಟ್ಟ. ಆ ವರ್ಷವೆಲ್ಲ ಚಂದ್ರಕ್ಕನಿಗೆ ಅನ್ನ ಸೇರಲಿಲ್ಲ. ಕೈತೊಳೆಯುವಾಗಲೂ ತೋಳು ಮಡಿಸದೆ, ಒದ್ದೆ ರವಿಕೆಯಲ್ಲೇ ಬಡಿಸುತ್ತಿದ್ದಳು. "ಅಮ್ಮ, ಪಾಪ ಕಣಮ್ಮ ಈ ಸುಗಂಧಿ" ಎಂದು ಮಗ ಒಮ್ಮೆ ಅಂದಾಗ ಆಕೆ ಕೇಳದವಳಂತೆ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿದ್ದಳು.

ಪರೀಕ್ಷೆ ಮುಗಿಯಿತು, ಪುಸ್ತಕ ಮನೆ ಬಿಟ್ಟಿತು. ಇನ್ನು ಸಾಯುವವರೆಗೆ ನೆಮ್ಮದಿಯೆಂದು ಆಕೆ ಅಂದುಕೊಳ್ಳುವ ಹೊತ್ತಿಗೆ, ಎರಡು ಸಾವಿರದ ಮೂರರಲ್ಲಿ, ಸಿನಿಮಾದವರು ಬಂದರು.

ಆಗ ಹಳೆಯ ಕಾದಂಬರಿಗಳಿಗೆ ಜೀನ್ಸ್ ತೊಡಿಸುವ ಕಾಲ. 'ಮೆಟ್ಟಿಲಬಾವಿ'ಯನ್ನು ಯಾರೋ ಹೊಸ ನಿರ್ದೇಶಕ 'ಹಲೋ ಸುಗಂಧಿ' ಎಂದು ಮಾಡಿದ. ಮೇಷ್ಟ್ರು ಕಂಪ್ಯೂಟರ್ ಕ್ಲಾಸ್ ನಡೆಸುವ ಹುಡುಗನಾದ, ಸುಗಂಧಿ ಸ್ಕೂಟಿ ಓಡಿಸುವ ತುಂಟಿಯಾದಳು, ಬಾವಿ ಒಂದು ರೆಸಾರ್ಟಿನ ಈಜುಕೊಳವಾಯಿತು. ಜೋಗಿಮಟ್ಟಿಯ ಗಾಳಿಯಂತ್ರಗಳ ಕೆಳಗೆ ಹಾಡು ತೆಗೆದರು. ಚಿತ್ರದುರ್ಗದ ಕನ್ನಡ ಅಧ್ಯಾಪಕರು ಅಭಿಜಾತ ಕೃತಿಗೆ ಅಪಚಾರವಾಯಿತೆಂದು ಹೇಳಿಕೆ ಕೊಟ್ಟರು. ನಮ್ಮ ಜಿಲ್ಲೆಯ ಕಥೆ ನಗುವ ಸಿನಿಮಾ ಆಯಿತೆಂದು ಹುಡುಗರು ಕುಣಿದರು. ಚಂದ್ರಕ್ಕನಿಗೆ ಅಪಚಾರವೂ ಬೇಡ, ಕುಣಿತವೂ ಬೇಡ. ಮಣ್ಣು ಮಾಡಿದ್ದನ್ನು ಇವರು ಯಾಕೆ ಅಗೆಯುತ್ತಾರೆ ಎಂಬುದೊಂದೇ ಆಕೆಯ ಗೋಳು.

ಅಗೆಯುವವನೂ ಬಂದ. ದುರ್ಗದ ವಾರಪತ್ರಿಕೆಯೊಂದರ ವರದಿಗಾರ ನಿರಂಜನ್. 'ಯಾರು ಈ ನಿಜವಾದ ಸುಗಂಧಿ?' ಎಂದು ವಾರವಾರವೂ ಬರೆಯತೊಡಗಿದ್ದ. ಕಾದಂಬರಿಯ ಸುಗಂಧಿ ಬಾವಿಗೆ ಬಿದ್ದರೂ ನಿಜದ ಸುಗಂಧಿ ಬದುಕಿರಬಹುದು, ಪತ್ತೆಯಾದರೆ ಚಿತ್ರತಂಡ ದುರ್ಗದ ಟಾಕೀಸಿನಲ್ಲಿ ಶಾಲು ಹೊದಿಸಿ ಸನ್ಮಾನಿಸುತ್ತದೆ ಎಂಬುದು ಅವನ ಬರಹದ ಬಾಲ. ಆ ಕಾಲದಲ್ಲಿ ಹಿರಿಯೂರಿನಲ್ಲಿ ತರಬೇತಿ ಪಡೆದವರನ್ನೆಲ್ಲ ಹುಡುಕುತ್ತ ಒಂದು ಮಧ್ಯಾಹ್ನ ಹೊಸದುರ್ಗದ ಈ ಮನೆಯ ಅಂಗಳಕ್ಕೂ ಬಂದು ನಿಂತ.

"ಬರ್ರಿ, ಕುಂತ್ಕಳ್ರಿ" ಎಂದವಳು ಸೊಸೆ ಉಷಾರಾಣಿ. ಹೈಸ್ಕೂಲ್ ಶಿಕ್ಷಕಿ, ಎದೆಗಾರ್ತಿ, ಅತ್ತೆ ಗೋಡೆಗೆ ಅಂಟಿದಷ್ಟೂ ತಾನು ಬೀದಿಯ ನಡುವೆ ನಡೆಯುವವಳು. ಚಂದ್ರಕ್ಕ ಕಂಬದ ಮರೆಯಲ್ಲಿ ನಿಂತು, ಎಡಗೈಯನ್ನು ಸೆರಗಿನೊಳಗೆ ಸುತ್ತಿಕೊಂಡು, ಕೇಳಿದ್ದಕ್ಕೆಲ್ಲ ಗೊತ್ತಿಲ್ಲ ಎಂದಳು. ಮೇಷ್ಟ್ರು ಗೊತ್ತಿಲ್ಲ. ಬಾವಿ ಗೊತ್ತಿಲ್ಲ. ಹಿರಿಯೂರೇ ಸರಿಯಾಗಿ ನೆನಪಿಲ್ಲ. ಅವನು ಹೋದ ಮೇಲೆ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕುಳಿತಳು.

ಅದರ ಮುಂದಿನ ವಾರವೇ ಉಷಾರಾಣಿ, "ಅತ್ತೆ, ದುರ್ಗಕ್ಕೆ ಹೋಗಾಣ, ಆ ಪಿಚ್ಚರ್ ನೋಡ್ಕಂಡು ಬರಾಣ" ಎಂದು ಹಟ ಹಿಡಿದಳು. ಒಲ್ಲೆನೆಂದರೆ ಯಾಕೆಂದು ಕೇಳುತ್ತಾಳೆ. ಯಾಕೆಂಬ ಪ್ರಶ್ನೆಗಿಂತ ಸಿನಿಮಾವೇ ವಾಸಿಯೆಂದು ಚಂದ್ರಕ್ಕ ಬಸ್ಸು ಹತ್ತಿದಳು. ಟಾಕೀಸಿನ ದೀಪ ಆರಿದಾಗ ಕುರ್ಚಿಯ ಹಿಡಿಯನ್ನು ಹಿಡಿದ ಕೈ ನಡುಗುತ್ತಿತ್ತು. ಪರದೆಯ ಮೇಲೆ ಈಗ ತನ್ನ ಮುಖ ಬರುತ್ತದೆ, ಈಗ ಕೈಯ ಕಲೆ ಬರುತ್ತದೆ, ಸಾವಿರ ಜನ ಒಟ್ಟಿಗೇ ಹಿಂದಿರುಗಿ ತನ್ನತ್ತ ನೋಡುತ್ತಾರೆ ಎಂದು ಕಾದು ಕುಳಿತಳು.

"ಯಾಕತ್ತೆ ನಡುಗ್ತೀರಿ?"

"ಚಳಿ ಕಣವ್ವ."

"ಈ ಟಾಕೀಸ್‌ನಾಗೆ ಫ್ಯಾನೇ ತಿರುಗ್ತಿಲ್ಲ, ಚಳಿ ಎಲ್ಲಿಂದ ಬಂತು?"

ಪರದೆಯ ಮೇಲೆ ನಾಯಕ ಗುಲಾಬಿ ಹಿಡಿದು ಮಂಡಿಯೂರಿ, ಇಂಗ್ಲಿಷು ಬೆರೆಸಿದ ಕನ್ನಡದಲ್ಲಿ ತನ್ನ ಪ್ರೇಮವನ್ನು ನಿವೇದಿಸಿದ. ಸುಗಂಧಿ ಒಂದು ಕ್ಷಣ ಅವನನ್ನು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕೇ ನಕ್ಕಳು. ಟಾಕೀಸು ಶಿಳ್ಳೆ ಹೊಡೆಯಿತು.

ಚಂದ್ರಕ್ಕನ ನಡುಕ ನಿಂತುಹೋಯಿತು. ಎಷ್ಟೋ ಪಂಡಿತರು ಎಷ್ಟೋ ಸಲ ಓದಿದ ಕೃತಿಯಲ್ಲಿ ಇಲ್ಲದ ಆ ನಗು, ಮೂಲವನ್ನು ಕೆಡಿಸಿದರೆಂದು ಎಲ್ಲರೂ ಬೈದ ಈ ತಮಾಷೆಯ ಸಿನಿಮಾಕ್ಕೆ ಹೇಗೆ ಸಿಕ್ಕಿತು? ನಿರ್ದೇಶಕನಿಗೆ ಏನೂ ಗೊತ್ತಿರಲಿಲ್ಲ, ಜನ ನಗಬೇಕೆಂದು ಕುರುಡಾಗಿ ಬೀಸಿದ ಕಲ್ಲು ಸತ್ಯಕ್ಕೆ ತಾಗಿತ್ತು. ಅದು ಆಕೆಗೆ ಸಮಾಧಾನಕ್ಕಿಂತ ಹೆಚ್ಚು ದಿಗಿಲನ್ನೇ ತಂದಿತು. ಸುಳ್ಳಿಗೆ ಹೆದರಿ ಅಭ್ಯಾಸವಿತ್ತು. ನಿಜ ಎದುರಿಗೆ ಬಂದರೆ ಹೇಗೆ ಹೆದರಬೇಕೆಂದು ಆಕೆಗೆ ತಿಳಿದಿರಲಿಲ್ಲ. ಕೊನೆಯಲ್ಲಿ ಸುಗಂಧಿ ಈಜುಕೊಳಕ್ಕೆ ಹಾರಿದಳು, ಅವಳನ್ನು ಉಳಿಸಲು ಈಜು ಬಾರದ ನಾಯಕ ಹಾರಿದ, ಅವಳೇ ಅವನ ಕಾಲರ್ ಹಿಡಿದು ದಡಕ್ಕೆ ಎಳೆದಳು, ಮದುವೆಯಾಯಿತು. ಜನ ಚಪ್ಪಾಳೆ ತಟ್ಟಿದರು. ಚಂದ್ರಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

ಆ ವಾರದ ಪತ್ರಿಕೆಯಲ್ಲಿ ನಿರಂಜನ್ ತನ್ನ ಪತ್ತೇದಾರಿಕೆಯನ್ನು ಮುಗಿಸಿದ. ಸುಗಂಧಿ ಸಿಕ್ಕಳು, ಆಕೆ ಆದಿವಾಲದ ಪುಟ್ಟಕ್ಕ! ಅವನ ಕಾರಣಗಳು ಮೇಲ್ನೋಟಕ್ಕೆ ಸರಿಯಾಗಿಯೇ ಇದ್ದವು. ಮೇಷ್ಟ್ರ ಎದುರುಮನೆಯಲ್ಲಿದ್ದವಳು, ತರಬೇತಿಯನ್ನು ಅರ್ಧಕ್ಕೇ ಬಿಟ್ಟವಳು, ಅವಸರದಲ್ಲಿ ಮದುವೆಯಾದವಳು, ತವರಿನ ಹೊಲದಲ್ಲಿ ಮೆಟ್ಟಿಲಬಾವಿ ಇರುವವಳು. ಕೈಯ ಮೇಲಿನ ಕಲೆ? ವಯಸ್ಸಾದಂತೆ ಮಾಸಿರಬಹುದು ಎಂದು ಅವನೇ ಉತ್ತರವನ್ನೂ ಕೊಟ್ಟಿದ್ದ. ಆ ಬಾಡಿಗೆ ಕೋಣೆಯ ಇನ್ನೊಬ್ಬಳ ಹೆಸರೇ ಅವನ ಬರಹದಲ್ಲಿರಲಿಲ್ಲ.

ಓದಿದ ಚಂದ್ರಕ್ಕ ಮೊದಲು ಮಾಡಿದ್ದೇನೆಂದರೆ ದೇವರ ಮುಂದೆ ದೀಪ ಹಚ್ಚಿದ್ದು. ಬಹುಕಾಲದ ಮೇಲೆ ಹೊಟ್ಟೆತುಂಬ ಉಂಡಳು. ಹಾಗೆ ಉಂಡೆನಲ್ಲ ಎಂದು ಆಮೇಲೆ ತಾನೇ ಉಷಾರಾಣಿಯ ಮುಂದೆ ಹೇಳಿಕೊಂಡು ಹಲುಬಿದಳು.

ಪುಟ್ಟಕ್ಕನೇ ಹೊಸದುರ್ಗಕ್ಕೆ ಬಂದಳು. ಗಂಡ ಜುಂಜಯ್ಯ ತೀರಿಕೊಂಡ ಮೇಲೆ ಬಳೆ ತೆಗೆದು ಕೈ ಬರಿದು ಮಾಡಿಕೊಂಡಿದ್ದ, ಬಿಸಿಲಿಗೆ ಒಣಗಿ ಕಪ್ಪಾದ ಆ ಹೆಂಗಸು ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತು ನೀರು ಕುಡಿದಳು. ಮನೆಯಲ್ಲಿ ಬೇರಾರೂ ಇರಲಿಲ್ಲ.

"ಮೇಷ್ಟ್ರು ಬರ್ದಿದ್ದು ನಿನ್ನ ಮ್ಯಾಲೆ ಅಂತ ನಂಗೆ ಆಗ್ಲೇ ಗೊತ್ತಿತ್ತು ಕಣೇ ಚಂದ್ರಿ. ಮೇಕೆ ಬಂದಾಗ ನಾನು ಒಳಗೇ ಇದ್ನಲ್ಲ."

ಚಂದ್ರಕ್ಕ ಎದ್ದು ಹೋಗಿ ಬೀದಿಬಾಗಿಲ ಅಗಳಿ ಹಾಕಿ ಬಂದಳು.

"ಯಾರಿಗೂ ಹೇಳಾಕೆ ಬಂದಿಲ್ಲ ಬಿಡು. ನಿನ್ನ ಯಜಮಾನ್ರು ಇನ್ನೂ ಅದಾರೆ, ನನ್ನೋನು ಹೋದ. ನಾನು ಹೊತ್ಕಂತೀನಿ. ಆದ್ರೆ ನಮ್ ರಂಗೇಶ..." ಪುಟ್ಟಕ್ಕ ಲೋಟವನ್ನು ಕೆಳಗಿಟ್ಟಳು. "ಪುಸ್ತಕದಾಗೆ ಬಸ್ರಿ ಅಂತ ಐತಂತಲ್ಲ. ಹಿರೇ ಮಗ ಅಲ್ವಾ ಅವ್ನು. ಹಟ್ಟಿಯೋರು ಅವನ ಮುಖ ನೋಡಿ ನೋಡಿ ಮಾತಾಡ್ತಾರೆ. ನನ್ನ ಕೈಯಾಗಿನ ಊಟ ಬಿಟ್ಟವ್ನೆ. ನಾನು ಯಾರ ಮಗ, ಹೇಳವ್ವ, ಅಂತ ಕೇಳ್ದ ಕಣೇ. ನಲವತ್ತು ವರ್ಷದ ಗಂಡಸು."

ಅಷ್ಟು ಹೇಳಿ, ಬೇರೇನೂ ಕೇಳದೆ, ಸಂಜೆಯ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದಳು.

ಆಮೇಲಿನ ಎರಡು ಮೂರು ದಿನ ಚಂದ್ರಕ್ಕ ಹೇಗಿದ್ದಳೆಂದರೆ, ಉಷಾರಾಣಿ ಡಾಕ್ಟರ ಹತ್ತಿರ ಹೋಗೋಣವೆಂದಳು. ಹೊರಗೆ ಸೈಕಲ್ ನಿಂತರೆ ಬೆಚ್ಚುವಳು, ಗಂಡ ಕೆಮ್ಮಿದರೆ ಬೆವರುವಳು. ಹೇಳಿದರೆ ಗಂಡ ಏನಂದಾನು? ಮಗ ಏನೆಂದುಕೊಂಡಾನು? ಜನ ಸಿನಿಮಾದ ಹಾಡನ್ನು ತನ್ನ ಬೆನ್ನ ಹಿಂದೆ ಹಾಡುವುದಿಲ್ಲವೇ? ಪ್ರತಿಯೊಂದು ಪ್ರಶ್ನೆಗೂ ಆಕೆಗೆ ಉತ್ತರ ಗೊತ್ತಿತ್ತು, ಎಲ್ಲ ಉತ್ತರಗಳೂ ಕೆಟ್ಟವೇ ಆಗಿದ್ದವು. ಹೇಳದಿದ್ದರೆ ಏನಾಗುತ್ತದೆಂಬುದಕ್ಕೆ ಮಾತ್ರ ಉಣ್ಣದೆ ಕೂತ ರಂಗೇಶನ ಚಿತ್ರವೊಂದೇ ಎದುರಿಗೆ ಬರುತ್ತಿತ್ತು.

ಒಂದು ಬೆಳಿಗ್ಗೆ ಬೋರಯ್ಯ ಕಾಫಿ ಕುಡಿಯುತ್ತಿದ್ದಾಗ, ಸೊಸೆಯ ಎದುರಿಗೇ, ತೋಳಿನ ಗುಂಡಿ ಬಿಚ್ಚಿ ಕೈಯನ್ನು ಅವನ ಮುಂದೆ ಚಾಚಿದಳು. "ಆ ಸುಗಂಧಿ ನಾನೇ ಕಣ್ರಿ" ಎಂದಳು. ಮೇಷ್ಟ್ರು ಕೇಳಿದ್ದು, ಮೇಕೆ ಮೇಯ್ದದ್ದು, ತಾನು ನಕ್ಕದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಬೋರಯ್ಯ ಕಲೆಯನ್ನೇ ನೋಡಿದ. ಅದೇನು ಅವನು ಕಾಣದ ಕಲೆಯೇ? ಅರ್ಧ ಕಾಫಿ ಬಿಟ್ಟು, ಚಪ್ಪಲಿ ಮೆಟ್ಟಿ ಹೊರಗೆ ಹೋದ. ಚಂದ್ರಕ್ಕ ಅಲ್ಲಿಯೇ ಕುಸಿದಳು.

ಉಷಾರಾಣಿ ಕಾಫಿಯ ಲೋಟ ಎತ್ತಿಟ್ಟು, "ಏಳ್ರಿ ಅತ್ತೆ" ಎಂದಳು. "ಮಾವಾರು ಬಂದಾಗ ಬರ್ಲಿ. ನಾವು ಆದಿವಾಲಕ್ಕೆ ಹೋಗಾಣ."

ಆದಿವಾಲದ ಮನೆಯಲ್ಲಿ ರಂಗೇಶ್ ಅವರತ್ತ ತಿರುಗಿಯೂ ನೋಡಲಿಲ್ಲ. ಕುರಿಗಳಿಗೆ ಸೊಪ್ಪು ಕಟ್ಟುತ್ತಲೇ ಎಲ್ಲವನ್ನೂ ಕೇಳಿದ. ಚಂದ್ರಕ್ಕನ ದನಿ ನಡುನಡುವೆ ಸತ್ತುಹೋಗುತ್ತಿತ್ತು, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು. ನಿಮ್ಮವ್ವ ತರಬೇತಿ ಬಿಟ್ಟದ್ದು ನಿಮ್ಮಜ್ಜನಿಗೆ ಕಾಯಿಲೆಯಾಗಿ, ಕಣ್ಮುಚ್ಚುವ ಮೊದಲು ಮಗಳ ಮದುವೆ ನೋಡಬೇಕೆಂದು ಆತ ಹಟ ಹಿಡಿದದ್ದಕ್ಕೆ ಎಂದಳು. ತೋಳು ಮಡಿಸಿ ಕಲೆ ತೋರಿಸಿದಳು.

"ನಂಗೆ ಹೇಳಿದ್ರೆ ಏನಾತು?" ಎಂದ ರಂಗೇಶ್ ಕೊನೆಗೆ. "ಊರಿಗೆಲ್ಲ ಪೇಪರ್‌ನಾಗೆ ಹೇಳ್ಯಾರೆ. ಪೇಪರ್‌ನಾಗೇ ಬರ್ಬೇಕು."

ಆಕೆ ಅತಿ ಹೆಚ್ಚು ಹೆದರಿದ್ದು ಆ ಮಾತಿಗೇ. ಆದರೂ ಅಲ್ಲಿಂದ ನೇರವಾಗಿ ದುರ್ಗದ ಬಸ್ಸು ಹತ್ತಿದರು. ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಪತ್ರಿಕೆಯ ಕಚೇರಿ. ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತು ಸೊಸೆಯ ಭುಜ ಹಿಡಿದಳು. ನಿರಂಜನ್ ಕಲೆ ನೋಡಿ ಹಿಗ್ಗಿದ. ಕ್ಯಾಮೆರಾ ಹುಡುಕಿದ. "ಹೇಳ್ರಿ ಅಮ್ಮ, ಎಷ್ಟು ವರ್ಷ ಪ್ರೀತಿಸಿದ್ರಿ? ಅವರು ತೀರ್ಕಂಡಾಗ ಏನನ್ನಿಸ್ತು?"

"ಪ್ರೀತಿಸ್ಲಿಲ್ಲಪ್ಪ. ಅವರು ಕೇಳಿದ್ರು. ಮೇಕೆ ಅವರ ಪಂಚೆ ತಿಂತಿತ್ತು. ನಾನು ನಕ್ಕೆ."

"ಆಮೇಲೆ?"

"ಆಮೇಲೆ ಏನಿಲ್ಲ."

"ಅಷ್ಟೇನಾ?"

"ಅಷ್ಟೇ. ಪುಟ್ಟಕ್ಕನ ಹೆಸರು ತಪ್ಪು ಅಂತ ದೊಡ್ಡಕ್ಷರದಾಗೆ ಹಾಕಪ್ಪ."

ಅವನ ಮುಖ ಸಪ್ಪಗಾಯಿತು. ಮೇಕೆಯಿಂದ ಯಾರು ಮುಖಪುಟ ಮಾಡುತ್ತಾರೆ? ಮುಂದಿನ ವಾರ ಒಳಪುಟದ ಮೂಲೆಯಲ್ಲಿ, ದೊಡ್ಡದಲ್ಲದ ಅಕ್ಷರದಲ್ಲಿ, ಚಂದ್ರಕ್ಕನ ಹೆಸರೂ ಮೇಕೆಯೂ ಸೇರಿದ ತಿದ್ದುಪಡಿ ಬಂತು. ಸನ್ಮಾನದ ಶಾಲಿನ ಮಾತು ಅಲ್ಲಿಗೇ ಬಿತ್ತು. ದುರ್ಗದ ಅಧ್ಯಾಪಕರೊಬ್ಬರು, ಮಹಾಕೃತಿಯೊಂದರ ವಿಷಾದವನ್ನು ಹೀಗೆ ಮೇಕೆಯ ಪ್ರಸಂಗಕ್ಕೆ ಇಳಿಸಲಾಗದು, ಈಕೆ ಸುಗಂಧಿಯಾಗಿರಲು ಸಾಧ್ಯವಿಲ್ಲ ಎಂದು ಖಂಡಿಸಿ ಬರೆದರು. ಆದಿವಾಲದಲ್ಲಿ ಮಾತ್ರ ಆ ಮೂಲೆಯ ನಾಲ್ಕು ಸಾಲನ್ನು ರಂಗೇಶ್ ಹಟ್ಟಿಯ ಕಟ್ಟೆಯ ಮೇಲೆ ನಿಂತು ಓದಿಸಿದನಂತೆ. ಆ ಮಧ್ಯಾಹ್ನ ತಾಯಿಯ ಕೈಯ ಮುದ್ದೆ ಉಂಡನೆಂದು ಪುಟ್ಟಕ್ಕ ಫೋನು ಮಾಡಿಸಿದಳು.

ಚಂದ್ರಕ್ಕ ಹೆದರಿದ್ದೆಲ್ಲ ಸುಳ್ಳಾಯಿತೆಂದು ಹೇಳುವಂತಿಲ್ಲ. ಹೊಳಲ್ಕೆರೆಯ ತಂಗಿಯ ಮನೆಯವರು ಆ ವರ್ಷದ ಮದುವೆಗೆ ಕರೆಯಲಿಲ್ಲ. ಬಸ್‌ಸ್ಟ್ಯಾಂಡಿನ ಹುಡುಗರು ಸಿನಿಮಾದ ಹಾಡನ್ನು ಹಾಡಿದರು. ಬೋರಯ್ಯ ದಿನಗಟ್ಟಲೆ ಮಾತು ಬಿಟ್ಟ. ತಟ್ಟೆ ಮುಂದಿಟ್ಟರೆ ಉಣ್ಣುವನು, ಎದ್ದು ಹೋಗುವನು. ಆ ಮೌನದಲ್ಲಿ ಚಂದ್ರಕ್ಕ ಕರಗಿ ಕಡ್ಡಿಯಾದಳು.

ಒಂದು ದಿನ ಮಾತ್ರ ಅವನು ಯಾರಿಗೂ ಹೇಳದೆ ದುರ್ಗಕ್ಕೆ ಹೋದವನು ಸಂಜೆ ಬಂದು, ಅಡಿಗೆಮನೆಯ ಗೋಡೆಗೆ ಒರಗಿ ಕುಳಿತ.

"ಪಿಚ್ಚರ್ ನೋಡ್ಕಂಡು ಬಂದೆ" ಎಂದ.

ಚಂದ್ರಕ್ಕ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ಆ ಹುಡುಗ ಒಳ್ಳೇವ್ನೇ ಅದಾನೆ. ಈಜಾಕೆ ಬರ್ದಿದ್ರೂ ಹಾರಿದ." ಒಲೆಯತ್ತ ನೋಡುತ್ತ ಕೇಳಿದ: "ಅಲ್ವೇ, ಆ ಮೇಕೆ ಬರ್ದೇ ಇದ್ದಿದ್ರೆ ನೀನೇನಂತಿದ್ದೆ?"

ಒಪ್ಪುತ್ತಿದ್ದೆ ಎಂದರೆ ಕಷ್ಟ, ಒಲ್ಲೆನೆನ್ನುತ್ತಿದ್ದೆ ಎಂದರೆ ಅದು ನಿಜವೋ ಅಲ್ಲವೋ ಆಕೆಗೇ ಗೊತ್ತಿಲ್ಲ. ಅಷ್ಟು ವರ್ಷ ಹೆದರುವುದರಲ್ಲೇ ಆ ಪ್ರಶ್ನೆಯನ್ನು ತನಗೆ ತಾನು ಕೇಳಿಕೊಂಡಿರಲಿಲ್ಲ.

"ಬಂತಲ್ರಿ ಮೇಕೆ" ಎಂದಳು.

ಬೋರಯ್ಯ ತಟ್ಟೆ ಎಳೆದುಕೊಂಡ. "ರೊಟ್ಟಿ ಹಾಕು" ಎಂದ.

ಅಂಜುಬುರುಕರನ್ನು ಲೋಕ ಹಗುರವಾಗಿ ಕಾಣುತ್ತದೆ. ಧೈರ್ಯವಂತರು ಮುಂದಿರುವ ಅಪಾಯವನ್ನು ಅರ್ಧ ಮಾತ್ರ ಕಂಡು ನುಗ್ಗುತ್ತಾರೆ, ಅಂಜುವವರು ಅದರ ಮೂಲೆಮೂಲೆಯನ್ನೂ ಮೊದಲೇ ಕಂಡಿರುತ್ತಾರೆ, ಕಂಡೂ ಹೆಜ್ಜೆ ಇಡಬೇಕಾದ ಕಷ್ಟ ಅವರಿಗಷ್ಟೇ ಗೊತ್ತು. ಇಂಥವರು ಕಾದಂಬರಿಕಾರರಿಗೂ ಒದಗುವುದಿಲ್ಲ, ಸಿನಿಮಾದವರಿಗೂ ಒದಗುವುದಿಲ್ಲ. ಒಬ್ಬರು ಅವರನ್ನು ಬಾವಿಗೆ ನೂಕಿ ಅಳಿಸುತ್ತಾರೆ, ಇನ್ನೊಬ್ಬರು ಕೊಳಕ್ಕೆ ನೂಕಿ ನಗಿಸುತ್ತಾರೆ. ಅವರು ಮಾತ್ರ ಬಾವಿಗೂ ಬೀಳದೆ, ಕೊಳಕ್ಕೂ ಹಾರದೆ, ಹಾಲು ಕಾಯಿಸುತ್ತ, ಯಾರೋ ಬಾಗಿಲು ಬಡಿದರೆ ಬೆಚ್ಚಿಬೀಳುತ್ತ ಬದುಕಿರುತ್ತಾರೆ. ಬೆಚ್ಚಿದ ಮೇಲೆ ಎದ್ದು ಹೋಗಿ ಬಾಗಿಲು ತೆಗೆಯುವವರೂ ಅವರೇ.